ರಸ್ತೆ ಸಂಶೋಧನೆ: ಅಳತೆಗಳ ಕಾಪು ಮತ್ತು ಹಂಚಿಕೆ



2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಲಾರಿಗಳು ಹೊರಬಹುದಾದ ಭಾರದ ಮಿತಿಯನ್ನು ಏರಿಸಿತು. ನಾಲ್ಕು ಟೈರಿನ ಒಂಟಿ ಆಕ್ಸಲ್ಲಿಗೆ ಅದುವರೆಗೆ 10.2 ಟನ್ ಇದ್ದ ಮಿತಿ 11.5 ಟನ್ ಆಯಿತು. ಭಾರ ಹೆಚ್ಚಿದ್ದು ನೂರಕ್ಕೆ ಹದಿಮೂರರಷ್ಟು. ಆದರೆ ಅಷ್ಟು ಭಾರ ಹೊತ್ತ ಆಕ್ಸಲ್ ಒಮ್ಮೆ ಉರುಳಿಹೋದಾಗ ರಸ್ತೆಗೆ ತಗಲುವ ಸವೆತ ನೂರಕ್ಕೆ ಅರವತ್ತರಷ್ಟು ಹೆಚ್ಚುತ್ತದೆ. ಅದೇ ಸರಕಿಗೆ ಲಾರಿಗಳ ಸರದಿ ಕಡಿಮೆಯಾಗುತ್ತದಲ್ಲ ಎಂದು ಕೇಳಬಹುದು. ಕಡಿಮೆಯಾದ ಸರದಿಗಳನ್ನು ಕಳೆದ ಮೇಲೂ ರಸ್ತೆಯ ಪಾಲಿಗೆ ಹೊರೆ ಹೆಚ್ಚೇ ಉಳಿಯುತ್ತದೆ. ನೂರಕ್ಕೆ ಅರವತ್ತರ ಈ ಲೆಕ್ಕಕ್ಕೆ ದೊಡ್ಡ ಯಂತ್ರ ಬೇಡ. ಸವೆತ ಭಾರದ ನಾಲ್ಕನೇ ಘಾತದಂತೆ ಏರುತ್ತದೆ ಎಂಬುದೇ ಸೂತ್ರ. 11.5ನ್ನು 10.2ರಿಂದ ಭಾಗಿಸಿ, ಬಂದ ಸಂಖ್ಯೆಯ ನಾಲ್ಕನೇ ಘಾತ ತೆಗೆದರೆ 1.6 ಸಿಗುತ್ತದೆ. ಹತ್ತನೇ ತರಗತಿಯ ಹುಡುಗಿ ಮಾಡಬಲ್ಲ ಲೆಕ್ಕ ಇದು.

ಸರ್ಕಾರದ ಒಂದು ಆದೇಶವನ್ನು ಶಾಲೆಯ ಮಕ್ಕಳೂ ತೂಗಿ ನೋಡುವಷ್ಟು ಸರಳವಾದ ಈ ಸೂತ್ರ ಎಲ್ಲಿಂದ ಬಂತು? ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಎಂಬ ಊರಿನ ಪಕ್ಕದ ಹೊಲಗಳಿಂದ. ಅಲ್ಲಿ ಅಳೆದದ್ದು ಆರು ದಶಕಗಳ ನಂತರ ಕರ್ನಾಟಕದವರ ಕೈಗೆ ಹೇಗೆ ಎಟುಕಿತು ಎಂಬ ಪ್ರಶ್ನೆಯೇ ಈ ಉಪನ್ಯಾಸದ ವಸ್ತು. ಸಂಶೋಧನೆ ಮಾಡುವುದು ಒಂದು ಕೆಲಸ. ಅದರ ಫಲವನ್ನು ಕೆಡದಂತೆ ಇಟ್ಟು, ಬೇಕಾದವರಿಗೆ ಬೇಕಾದ ರೂಪದಲ್ಲಿ ತಲುಪಿಸುವುದು ಇನ್ನೊಂದು. ಎರಡನೆಯದನ್ನು ಮೊದಲನೆಯದರ ಬಾಲವೆಂದು ಎಣಿಸಿದ ಕಡೆಯೆಲ್ಲ ಸಾರ್ವಜನಿಕರ ಹಣ ಒಂದೇ ಪಾಠವನ್ನು ಮತ್ತೆ ಮತ್ತೆ ಕಲಿಯಲು ಖರ್ಚಾಗಿದೆ.

ಒಟ್ಟಾವಾ ಪರೀಕ್ಷೆಯ ಹಿಂದೆ ಅಮೆರಿಕದ ರಾಜ್ಯ ಹೆದ್ದಾರಿ ಅಧಿಕಾರಿಗಳ ಸಂಘ ‘ಆಶೋ’ ಇತ್ತು. ಪರೀಕ್ಷೆ ನಡೆಸಿದ್ದು ಅಲ್ಲಿನ ಹೆದ್ದಾರಿ ಸಂಶೋಧನಾ ಮಂಡಳಿ. 1956ರಲ್ಲಿ ಕಟ್ಟಲು ತೊಡಗಿ, ಆರು ಸುತ್ತುದಾರಿಗಳಲ್ಲಿ ಒಟ್ಟು 836 ತುಣುಕುಗಳನ್ನು ಹಾಸಿದರು. ಕೆಲವು ಡಾಂಬರಿನವು, ಕೆಲವು ಕಾಂಕ್ರೀಟಿನವು. ಪದರಗಳ ದಪ್ಪ ಬೇರೆ ಬೇರೆ. 1958ರ ಅಕ್ಟೋಬರಿನಿಂದ 1960ರ ನವೆಂಬರ್ ಕೊನೆಯವರೆಗೆ ಸೇನೆಯ ಚಾಲಕರು ಅದೇ ಸುತ್ತುಗಳಲ್ಲಿ ಲಾರಿಗಳನ್ನು ಹಗಲೂ ರಾತ್ರಿ ಓಡಿಸಿದರು. ಹನ್ನೊಂದು ಲಕ್ಷಕ್ಕೂ ಹೆಚ್ಚು ಸಲ ಆಕ್ಸಲ್‌ಗಳು ಉರುಳಿದವು. ಒಂದು ಸುತ್ತಿನ ಮೇಲೆ ಮಾತ್ರ ಒಂದು ವಾಹನವನ್ನೂ ಬಿಡಲಿಲ್ಲ. ಬಿಸಿಲು, ಮಳೆ, ಹಿಮಗಳಷ್ಟರಿಂದಲೇ ರಸ್ತೆ ಎಷ್ಟು ಹಾಳಾಗುತ್ತದೆಂದು ತಿಳಿಯಲು ಅದನ್ನು ಖಾಲಿ ಬಿಟ್ಟಿದ್ದರು. ಇಡೀ ಪರೀಕ್ಷೆಗೆ ತಗಲಿದ್ದು ಆಗಿನ ಸುಮಾರು 2.7 ಕೋಟಿ ಡಾಲರ್.

ಇದಕ್ಕೂ ಮೊದಲು ಇಂಥ ಪರೀಕ್ಷೆಗಳು ನಡೆದಿದ್ದವು. 1950ರ ದಶಕದ ಆರಂಭದಲ್ಲಿ ಐಡಾಹೊ ರಾಜ್ಯದಲ್ಲಿ ನಡೆದ ಪರೀಕ್ಷೆಯೊಂದರಲ್ಲಿ ಎ.ಸಿ. ಬೆಂಕಲ್‌ಮನ್ ಎಂಬ ಎಂಜಿನಿಯರು ಲಾರಿಯ ಎರಡು ಹಿಂದಿನ ಟೈರುಗಳ ನಡುವೆ ತೂರಿಸುವ ಉದ್ದನೆಯ ತೊಲೆಯೊಂದನ್ನು ರೂಪಿಸಿದರು. ಚಕ್ರದಡಿ ರಸ್ತೆ ಎಷ್ಟು ಬಾಗುತ್ತದೆಂದು ಅದು ಮಿಲಿಮೀಟರಿನ ಭಾಗಗಳಲ್ಲಿ ತೋರಿಸುತ್ತದೆ. ಅದರ ವಿನ್ಯಾಸವನ್ನೂ ಬಳಸುವ ಕ್ರಮವನ್ನೂ ಯಾರೂ ಬಚ್ಚಿಡಲಿಲ್ಲ. ಆದ್ದರಿಂದಲೇ ಅದು ಭಾರತಕ್ಕೂ ಬಂತು, ಭಾರತೀಯ ರಸ್ತೆ ಕಾಂಗ್ರೆಸ್ಸಿನ 81ನೇ ಸಂಹಿತೆಯಾಯಿತು. ಹಳೆಯ ರಸ್ತೆಯ ಮೇಲೆ ಎಷ್ಟು ದಪ್ಪದ ಹೊಸ ಪದರ ಹಾಕಬೇಕೆಂದು ತೀರ್ಮಾನಿಸಲು ನಮ್ಮ ಲೋಕೋಪಯೋಗಿ ಎಂಜಿನಿಯರುಗಳು ದಶಕಗಳ ಕಾಲ ಆ ತೊಲೆಯನ್ನೇ ನೆಚ್ಚಿದರು.

ಒಟ್ಟಾವಾದ ಫಲಿತಾಂಶಗಳು 1961-62ರಲ್ಲಿ ಹಲವು ಸಂಪುಟಗಳಾಗಿ ಅಚ್ಚಾದವು. ಆ ಸಂಪುಟಗಳ ಹಿರಿಮೆ ಅವುಗಳ ಸೂತ್ರಗಳಲ್ಲಷ್ಟೇ ಇಲ್ಲ. ಪರೀಕ್ಷೆಯ ಮೂಲ ಅಳತೆಗಳನ್ನು ಕ್ರಮಾಂಕ ಕೊಟ್ಟು ವಿಂಗಡಿಸಿ, ನಕಲು ಮಾಡುವ ಖರ್ಚು ಕೊಟ್ಟವರಿಗೆ ಮಂಡಳಿಯಿಂದ ಸಿಗುತ್ತವೆಂದು ವರದಿಯಲ್ಲೇ ಬರೆದಿದ್ದರು. ‘ನಮ್ಮ ತೀರ್ಮಾನ ಇದು’ ಎನ್ನುವುದರ ಜೊತೆಗೆ ‘ತೀರ್ಮಾನಕ್ಕೆ ಆಧಾರ ಇಲ್ಲಿದೆ, ನೀವೂ ನೋಡಿ’ ಎಂದ ಈ ನಡತೆಯ ಬೆಲೆ ತಿಳಿದದ್ದು ಸುಮಾರು ಕಾಲು ಶತಮಾನದ ನಂತರ. 1980ರ ದಶಕದಲ್ಲಿ ಕೆನೆತ್ ಸ್ಮಾಲ್ ಮತ್ತು ಕ್ಲಿಫರ್ಡ್ ವಿನ್ಸ್‌ಟನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅದೇ ಅಳತೆಗಳನ್ನು ಹೊಸ ಸಂಖ್ಯಾಶಾಸ್ತ್ರೀಯ ವಿಧಾನದಿಂದ ಮತ್ತೆ ಜಾಲಾಡಿದರು. ಪರೀಕ್ಷೆ ಮುಗಿಯುವ ಹೊತ್ತಿಗೆ ಇನ್ನೂ ಕೆಡದೆ ಉಳಿದಿದ್ದ ತುಣುಕುಗಳನ್ನು ಮೊದಲಿನವರು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ; ಹಾಗಾಗಿ ದಪ್ಪ ರಸ್ತೆಗಳ ಬಾಳಿಕೆಯನ್ನು ವಾಸ್ತವಕ್ಕಿಂತ ಬಹಳ ಹೆಚ್ಚೆಂದು ಬಗೆಯಲಾಗಿತ್ತು. ಸವೆತದ ಏರಿಕೆಯೂ ನಾಲ್ಕನೇ ಘಾತಕ್ಕಿಂತ ಮೂರನೆಯದಕ್ಕೆ ಹತ್ತಿರವೆಂದು ಅವರಿಗೆ ಕಂಡಿತು. ಅವರ ಪುಸ್ತಕ 1989ರಲ್ಲಿ ಬಂದು, ಹೆದ್ದಾರಿಗಳನ್ನು ಎಷ್ಟು ದಪ್ಪ ಕಟ್ಟಬೇಕು, ಲಾರಿಗಳಿಂದ ಎಷ್ಟು ಶುಲ್ಕ ಪಡೆಯಬೇಕು ಎಂಬ ಚರ್ಚೆಯ ದಿಕ್ಕನ್ನೇ ಬದಲಿಸಿತು. ಮೊದಲು ಹೇಳಿದ 1.6ರ ಲೆಕ್ಕವನ್ನು ಮೂರನೇ ಘಾತದಿಂದ ಮಾಡಿದರೆ 1.4ಕ್ಕೆ ಇಳಿಯುತ್ತದೆ. ಹಾಗೆ ತಿದ್ದಿಕೊಳ್ಳಲು ಈಗ ಸಾಧ್ಯವಾಗುವುದೂ ಅಂದು ಯಾರೋ ಮೂಲ ಅಳತೆಗಳನ್ನು ಎಸೆಯದೆ ಇಟ್ಟದ್ದರಿಂದ.

ಒಟ್ಟಾವಾ ಪರೀಕ್ಷೆಯ ಮಿತಿಗಳೂ ಅಷ್ಟೇ ದೊಡ್ಡವು. ಒಂದೇ ಊರು, ಒಂದೇ ಬಗೆಯ ಜೇಡಿ ನೆಲ, ಎರಡು ವರ್ಷಗಳ ಓಡಾಟ. ಅಲ್ಲಿನ ನೆಲ ವಿಜಯಪುರ, ಗದಗ, ರಾಯಚೂರುಗಳ ಎರೆ ನೆಲದಂತಲ್ಲ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಊದುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲಿನ ರಸ್ತೆ ಲಾರಿಯ ಭಾರದಿಂದ ಕೆಡುವುದಕ್ಕಿಂತ ಮೊದಲು ನೆಲದ ಏರಿಳಿತದಿಂದಲೇ ಅಲೆಯಲೆಯಾಗಿ ಹೋಗುತ್ತದೆ. ಕರಾವಳಿಯಲ್ಲಿ ಜಂಬಿಟ್ಟಿಗೆ ನೆಲ, ತಿಂಗಳುಗಟ್ಟಲೆ ನಿಲ್ಲದ ಮಳೆ. ಅಲ್ಲಿಯ ಕಷ್ಟ ಬೇರೆ. ಸೂತ್ರ ಹುಟ್ಟಿದ ಸ್ಥಿತಿಗತಿಗಳು ಅದರ ಜೊತೆಯಲ್ಲೇ ಪ್ರಯಾಣ ಮಾಡಬೇಕು ಎನ್ನುವುದು ಇದಕ್ಕೇ. ಅವಿಲ್ಲದ ಸೂತ್ರವನ್ನು ಎಲ್ಲಿ ನಂಬಬೇಕು, ಎಲ್ಲಿ ಬಿಡಬೇಕು ಎಂದು ತಿಳಿಯುವ ಬಗೆಯಿಲ್ಲ.

ಈ ಕೊರತೆ ತುಂಬಲು ಅಮೆರಿಕ ಮತ್ತು ಕೆನಡಾಗಳು 1987ರಲ್ಲಿ ಬೇರೆಯೇ ದಾರಿ ಹಿಡಿದವು. ಹೊಸದಾಗಿ ಸುತ್ತುದಾರಿ ಕಟ್ಟುವ ಬದಲು, ಜನ ಓಡಾಡುವ ಹೆದ್ದಾರಿಗಳಲ್ಲೇ ತುಣುಕುಗಳನ್ನು ಗುರುತಿಸಿ ದಶಕಗಟ್ಟಲೆ ಅಳೆಯುತ್ತ ಹೋಗುವುದು. ಹಾಗೆ ಆರಿಸಿದ ತುಣುಕುಗಳು 2,500ಕ್ಕೂ ಹೆಚ್ಚು. ಮರುಭೂಮಿಯವು, ಹಿಮದ ನಾಡಿನವು, ಜೌಗಿನವು ಎಲ್ಲವೂ ಇದ್ದವು. ಬಿರುಕು, ಗಾಲಿಪಟ್ಟೆಯ ತಗ್ಗು, ಮೇಲ್ಮೈಯ ಒರಟುತನ, ವಾಹನಗಳ ತೂಕ, ಹವಾಮಾನ, ದುರಸ್ತಿಯ ತಾರೀಖು ಒಂದೇ ಕಡೆ ಸೇರುತ್ತ ಬಂದಿವೆ. ಇಂದು ಆ ಇಡೀ ಭಂಡಾರ ಅಂತರಜಾಲದಲ್ಲಿ ಉಚಿತ. ಸುರತ್ಕಲ್ಲಿನ ವಿದ್ಯಾರ್ಥಿಯೂ ತನ್ನ ಕೋಣೆಯಿಂದಲೇ ಅದನ್ನು ಇಳಿಸಿಕೊಳ್ಳಬಹುದು. ನಮ್ಮ ನೆಲದ ರಸ್ತೆಗಳ ಬಗ್ಗೆ ಅಷ್ಟೇ ಉದ್ದದ, ಅಷ್ಟೇ ಸುಲಭವಾಗಿ ಸಿಗುವ ದಾಖಲೆ ಇಲ್ಲದಿರುವುದರಿಂದ ಇಲ್ಲಿಯ ವಿದ್ಯಾರ್ಥಿಗಳು ಅರಿಜೋನಾದ ರಸ್ತೆಗಳ ಮೇಲೆ ಪ್ರಬಂಧ ಬರೆಯುತ್ತಾರೆ. ಅವರ ಶ್ರಮಕ್ಕೆ ಗೌರವವಿದೆ. ಆದರೆ ಕೊಪ್ಪಳದ ರಸ್ತೆಗೆ ಅದರಿಂದ ಸಿಗುವುದು ಕಡಿಮೆ.

ಭಾರತದಲ್ಲಿ ಏನೂ ನಡೆದಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ರಸ್ತೆಗಳ ಅಭಿವೃದ್ಧಿಗಾಗಿ ನೇಮಿಸಿದ್ದ ಜಯಕರ್ ಸಮಿತಿಯ ಶಿಫಾರಸಿನ ಹಿನ್ನೆಲೆಯಲ್ಲಿ 1934ರಲ್ಲಿ ಹುಟ್ಟಿದ ಭಾರತೀಯ ರಸ್ತೆ ಕಾಂಗ್ರೆಸ್ ಎಂಜಿನಿಯರುಗಳು ತಮ್ಮ ಅನುಭವವನ್ನು ಪ್ರಬಂಧಗಳಾಗಿ ಮಂಡಿಸಿ, ಚರ್ಚಿಸಿ, ಅಚ್ಚು ಹಾಕಿಸುವ ವೇದಿಕೆಯಾಯಿತು. ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ ದೆಹಲಿಯಲ್ಲಿ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆ ಎದ್ದಿತು. ರಸ್ತೆ ಕಾಂಗ್ರೆಸ್ಸಿನದೇ ಹೆದ್ದಾರಿ ಸಂಶೋಧನಾ ಮಂಡಳಿ ದೇಶದಲ್ಲಿ ನಡೆದ ರಸ್ತೆ ಸಂಶೋಧನೆಗಳ ಸಾಮಾನ್ಯ ವರದಿಯನ್ನು ಕಾಲಕಾಲಕ್ಕೆ ಪ್ರಕಟಿಸಿತು.

ಇವೆಲ್ಲಕ್ಕಿಂತ ಹೆಮ್ಮೆಪಡಬೇಕಾದ, ಆದರೆ ಹೆಚ್ಚು ಮಂದಿಗೆ ತಿಳಿಯದ ಕಥೆಯೊಂದಿದೆ. ಕೆಟ್ಟ ರಸ್ತೆಯಲ್ಲಿ ಓಡುವ ವಾಹನ ಎಷ್ಟು ಹೆಚ್ಚು ಡೀಸೆಲ್ ಕುಡಿಯುತ್ತದೆ, ಟೈರು ಎಷ್ಟು ಬೇಗ ಸವೆಯುತ್ತದೆ, ಬಿಡಿಭಾಗಗಳಿಗೆ ಎಷ್ಟು ಖರ್ಚಾಗುತ್ತದೆ ಎಂದು ಕಂಡುಹಿಡಿಯಲು 1970ರ ದಶಕದಲ್ಲಿ ನಾಲ್ಕು ಕಡೆ ದೊಡ್ಡ ಅಧ್ಯಯನಗಳು ನಡೆದವು: ಕೀನ್ಯಾ, ಕೆರಿಬಿಯನ್ ದ್ವೀಪಗಳು, ಬ್ರೆಜಿಲ್ ಮತ್ತು ಭಾರತ. ಇಲ್ಲಿ ಅದನ್ನು ನಡೆಸಿದ್ದು ನಮ್ಮ ಕೇಂದ್ರೀಯ ಸಂಸ್ಥೆಯೇ. 1982ರಲ್ಲಿ ವರದಿ ಬಂತು. ನಾಲ್ಕೂ ಕಡೆಯ ಅಳತೆಗಳು ವಿಶ್ವಬ್ಯಾಂಕಿನ ಹೆದ್ದಾರಿ ಮಾದರಿಯಲ್ಲಿ ಒಟ್ಟುಗೂಡಿದವು, ಆ ಮಾದರಿ 1987ರಲ್ಲಿ ಪ್ರಕಟವಾಯಿತು. ಅದರ ಮುಂದಿನ ಆವೃತ್ತಿಯನ್ನೇ ಇಂದಿಗೂ ಅನೇಕ ದೇಶಗಳು ಯಾವ ರಸ್ತೆಗೆ ಮೊದಲು ಹಣ ಕೊಡಬೇಕೆಂದು ತೀರ್ಮಾನಿಸಲು ಬಳಸುತ್ತವೆ. ಭಾರತದ ಲಾರಿ ಮಾಲೀಕರ ಖರ್ಚಿನ ಪುಸ್ತಕಗಳಿಂದ ಹೆಕ್ಕಿದ ಅಂಕಿಗಳು ಆಫ್ರಿಕಾದ ರಸ್ತೆಗಳ ಭವಿಷ್ಯಕ್ಕೂ ನೆರವಾದವು. ನಾಲ್ಕೂ ಕಡೆಯ ಅಳತೆಗಳನ್ನು ಒಂದರೊಡನೊಂದು ಹೋಲಿಸಿ ನೋಡಲು ಆದದ್ದರಿಂದ ಇದು ಸಾಧ್ಯವಾಯಿತು.

ಈಗ ಹತ್ತಿರದ ಉದಾಹರಣೆಗೆ ಬರೋಣ. ಡಾಂಬರಿನಲ್ಲಿ ಪ್ಲಾಸ್ಟಿಕ್ ತ್ಯಾಜ್ಯ ಬೆರೆಸುವ ಪ್ರಯೋಗದಲ್ಲಿ ಬೆಂಗಳೂರಿಗೆ ದೊಡ್ಡ ಪಾಲಿದೆ. ಈ ಶತಮಾನದ ಮೊದಲ ವರ್ಷಗಳಲ್ಲೇ ಇಲ್ಲಿನ ಉದ್ಯಮಿಗಳೂ ಬೆಂಗಳೂರು ವಿಶ್ವವಿದ್ಯಾಲಯದ ಹೆದ್ದಾರಿ ಎಂಜಿನಿಯರಿಂಗ್ ಪ್ರಾಧ್ಯಾಪಕರೂ ಸೇರಿ ಪ್ರಯೋಗಾಲಯದಲ್ಲಿ ಅದನ್ನು ಪರೀಕ್ಷಿಸಿದರು. ನಗರದ ರಸ್ತೆಗಳಿಗೂ ಅದು ಇಳಿಯಿತು. ಮದುರೆಯಲ್ಲಿ ಪ್ರಾಧ್ಯಾಪಕ ಆರ್. ವಾಸುದೇವನ್ ಅವರ ಇಂಥದೇ ಕೆಲಸ ಸಮಾನಾಂತರವಾಗಿ ಸಾಗಿತ್ತು. 2013ರಲ್ಲಿ ರಸ್ತೆ ಕಾಂಗ್ರೆಸ್ ಮಾರ್ಗಸೂಚಿ ಹೊರಡಿಸಿತು. ಪ್ರಯೋಗದಿಂದ ಮಾರ್ಗಸೂಚಿಯವರೆಗಿನ ಈ ದಾರಿ ಚೆನ್ನಾಗಿಯೇ ಸಾಗಿದೆ. ಆದರೆ ಇಂದು ರಸ್ತೆ ಮಾಡಿಸುವ ನಗರಸಭೆಯ ಎಂಜಿನಿಯರಿಗೆ ಬೇಕಾದದ್ದು ಬೇರೆ: ಹತ್ತು ಮಳೆಗಾಲ ಕಂಡ ಅಂಥ ರಸ್ತೆಗಳು ಯಾವುವು, ಅವುಗಳಲ್ಲಿ ಎಷ್ಟು ಪ್ಲಾಸ್ಟಿಕ್ ಬೆರೆಸಿದ್ದರು, ಪಕ್ಕದ ಸಾಧಾರಣ ಡಾಂಬರು ರಸ್ತೆಗಿಂತ ಗುಂಡಿಗಳು ಕಡಿಮೆ ಬಿದ್ದವೋ ಇಲ್ಲವೋ. ಚೆನ್ನಾಗಿ ಬಾಳದ ತುಣುಕುಗಳ ವಿವರವೂ ಅಷ್ಟೇ ಬೇಕು. ಯಶಸ್ಸಿನ ಸುದ್ದಿ ಪತ್ರಿಕೆಗೆ ತಾನೇ ಬರುತ್ತದೆ. ಸೋತ ತುಣುಕಿನ ಕಡತ ಮೇಜಿನ ಕೆಳಗಿನ ಖಾನೆ ಸೇರುತ್ತದೆ, ಹತ್ತು ವರ್ಷದ ಮೇಲೆ ಮತ್ತೊಂದು ಜಿಲ್ಲೆ ಅದೇ ಪ್ರಯೋಗವನ್ನು ಅದೇ ಖರ್ಚಿನಲ್ಲಿ ಮಾಡುತ್ತದೆ.

ಇದನ್ನು ತಪ್ಪಿಸುವ ಸರಳ ಉಪಾಯವೊಂದು ಅಮೆರಿಕದಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಸಂಶೋಧನೆ ಮುಗಿದ ಮೇಲಲ್ಲ, ಶುರುವಾದ ದಿನವೇ ಅದರ ಹೆಸರು, ಉದ್ದೇಶ, ಹಣ, ಹೊಣೆಗಾರರನ್ನು ಒಂದು ಸಾರ್ವಜನಿಕ ಪಟ್ಟಿಗೆ ಸೇರಿಸುತ್ತಾರೆ. ಮುಗಿದ ವರದಿಗಳ ಸೂಚಿ ಬೇರೆ. ಅಮೆರಿಕದ ಸೂಚಿಯೂ ಹಲವು ದೇಶಗಳು ಒಟ್ಟಾಗಿ ಬೆಳೆಸಿದ್ದ ಸೂಚಿಯೂ 2011ರಲ್ಲಿ ಒಂದಾದವು. ಹತ್ತು ಲಕ್ಷಕ್ಕೂ ಹೆಚ್ಚು ದಾಖಲೆಗಳ ಆ ಭಂಡಾರವನ್ನು ಯಾರು ಬೇಕಾದರೂ ಹುಡುಕಬಹುದು. 2013ರಲ್ಲಿ ಇನ್ನೊಂದು ಹೆಜ್ಜೆ ಬಿತ್ತು. ಕೇಂದ್ರ ಸರ್ಕಾರದ ಹಣ ಪಡೆದ ಸಂಶೋಧನೆಯ ಪ್ರಬಂಧವಷ್ಟೇ ಅಲ್ಲ, ಅದರ ದತ್ತಾಂಶವೂ ಸಾರ್ವಜನಿಕವಾಗಬೇಕೆಂದು ಅಲ್ಲಿನ ಅಧ್ಯಕ್ಷರ ವಿಜ್ಞಾನ ಕಚೇರಿ ಸೂಚಿಸಿತು. ಸಾರಿಗೆ ಇಲಾಖೆ ಅದಕ್ಕೆ ತಕ್ಕ ನಿಯಮ ಮಾಡಿತು: ಹಣ ಕೇಳುವವರು ಅಳತೆಗಳನ್ನು ಹೇಗೆ ಕಾಪಾಡುತ್ತೇವೆ, ಎಲ್ಲಿ ಇಡುತ್ತೇವೆ ಎಂಬ ಯೋಜನೆಯನ್ನು ಅರ್ಜಿಯ ಜೊತೆಗೇ ಕೊಡಬೇಕು.

ಕಾಪಾಡುವುದು ಎಂದರೆ ನಿಜಕ್ಕೂ ಏನು? ಇಲ್ಲಿ ಸ್ವಲ್ಪ ನಿಲ್ಲಬೇಕು, ಕೆಲಸ ಹೆಚ್ಚಾಗಿ ಕೆಡುವುದು ಇಲ್ಲೇ. ಎರಡು ದಶಕದ ಹಿಂದಿನ ವರದಿಯೊಂದರಲ್ಲಿ ‘ಎನ್‌ಎಚ್ 4, ಕಿ.ಮೀ. ಇಷ್ಟರಿಂದ ಇಷ್ಟರವರೆಗೆ’ ಎಂದಿದೆ ಎಂದುಕೊಳ್ಳಿ. 2010ರಲ್ಲಿ ದೇಶದ ಹೆದ್ದಾರಿಗಳ ಸಂಖ್ಯೆಗಳೇ ಬದಲಾದವು. ಬೆಂಗಳೂರಿನಿಂದ ಪುಣೆ ಕಡೆಗೆ ಹೋಗುವ ಎನ್‌ಎಚ್ 4 ಈಗ 48; ಕರಾವಳಿಯ 17 ಈಗ 66; ಹೈದರಾಬಾದಿನ ಕಡೆಯ 7 ಈಗ 44. ಬೈಪಾಸುಗಳು ಬಂದು ಕಿಲೋಮೀಟರ್ ಕಲ್ಲುಗಳೂ ಜಾಗ ಬದಲಿಸಿವೆ. ಅಕ್ಷಾಂಶ ರೇಖಾಂಶ ಬರೆಯದಿದ್ದರೆ ಆ ಅಳತೆ ಯಾವ ತುಣುಕಿನದೆಂದು ಇಂದು ಹೇಳುವುದು ಕಷ್ಟ. ಒರಟುತನವನ್ನು ಅಳೆದ ಯಂತ್ರ ಯಾವುದು, ಅದನ್ನು ಎಂದು ಸರಿಹೊಂದಿಸಿದ್ದರು? ಬೆಂಕಲ್‌ಮನ್ ತೊಲೆಯಿಂದ ಬಾಗುವಿಕೆ ಅಳೆದ ದಿನ ಡಾಂಬರಿನ ಉಷ್ಣತೆ ಎಷ್ಟಿತ್ತು? ಬಿಸಿ ಡಾಂಬರು ಹೆಚ್ಚು ಬಾಗುತ್ತದೆ. ಉಷ್ಣತೆ ಬರೆಯದಿದ್ದರೆ ಅಂಕಿಯನ್ನು ಹೋಲಿಸಲಾಗದು. ಮಳೆಗಾಲದ ಹಿಂದೋ ಮುಂದೋ? ಈ ವಿವರಗಳು ಅಳೆದವರ ತಲೆಯಲ್ಲಿರುತ್ತವೆ. ಅವರು ವರ್ಗವಾಗಿ ಹೋದಾಗ, ನಿವೃತ್ತರಾದಾಗ, ಜೊತೆಯಲ್ಲೇ ಹೋಗುತ್ತವೆ. ಉಳಿಯುವುದು ಅಂಕಿಗಳ ಸಾಲು ಮಾತ್ರ, ಹೆಸರು ಕಿತ್ತುಹೋದ ಔಷಧದ ಬಾಟಲಿಯ ಹಾಗೆ.

ಅಚ್ಚುಕಟ್ಟಾಗಿ ಇಡುವ ಅಭ್ಯಾಸ ನಮ್ಮಲ್ಲಿ ಇಲ್ಲದ್ದೇನೂ ಅಲ್ಲ. ಲೋಕೋಪಯೋಗಿ ಇಲಾಖೆಯ ಎಂ.ಬಿ. ಪುಸ್ತಕ, ಅಂದರೆ ಅಳತೆ ಪುಸ್ತಕ, ಎಷ್ಟು ಶಿಸ್ತಿನದೆಂದು ಅಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಪುಟಕ್ಕೆ ಸಂಖ್ಯೆ, ತಿದ್ದಿದ ಕಡೆ ಸಹಿ, ಹಾಳೆ ಹರಿಯುವಂತಿಲ್ಲ. ಬಿಲ್ಲಿನ ಹಣಕ್ಕಾಗಿ ಇಷ್ಟು ಎಚ್ಚರ ವಹಿಸುವ ವ್ಯವಸ್ಥೆ, ಅದೇ ರಸ್ತೆ ಐದನೇ ವರ್ಷದಲ್ಲಿ ಹೇಗಿದೆ ಎಂಬುದಕ್ಕೆ ಪುಸ್ತಕವನ್ನೇ ಇಟ್ಟಿಲ್ಲದಿರುವುದು ತಿದ್ದಬಹುದಾದ ಕೊರತೆ.

ಹಂಚಿಕೊಳ್ಳದಿದ್ದರೆ ಪ್ರಾಣವೂ ಹೋಗುತ್ತದೆ ಎಂಬುದನ್ನು ಸೇತುವೆಗಳು ಕಲಿಸಿವೆ. 1967ರ ಡಿಸೆಂಬರ್ 15ರ ಸಂಜೆ ಅಮೆರಿಕದ ಓಹಯೊ ನದಿಯ ಮೇಲಿನ ಸಿಲ್ವರ್ ಬ್ರಿಜ್ ಕುಸಿದು 46 ಮಂದಿ ಸತ್ತರು. ಸೇತುವೆಯನ್ನು ಹೊತ್ತಿದ್ದ ಉಕ್ಕಿನ ಕೊಂಡಿಯೊಂದರ ಕಣ್ಣಿನಲ್ಲಿ ಕೆಲವೇ ಮಿಲಿಮೀಟರಿನ ಬಿರುಕಿತ್ತು. ಅದೇ ವಿನ್ಯಾಸದ ಇನ್ನೊಂದು ಸೇತುವೆ ಅದೇ ನದಿಯ ಮೇಲೆ ಇತ್ತು. ಅದನ್ನು ಕೂಡಲೇ ಮುಚ್ಚಿ, ಆಮೇಲೆ ಕೆಡವಿದರು. ಒಂದರ ಸಾವಿನ ಕಾರಣ ತಿಳಿದರೆ ಅದರ ಒಡಹುಟ್ಟಿದವನ್ನು ಹುಡುಕಬೇಕು. ಅದಕ್ಕೆ ಎಲ್ಲ ಸೇತುವೆಗಳ ಪಟ್ಟಿ ಇರಬೇಕು. 1971ರಲ್ಲಿ ಅಲ್ಲಿ ರಾಷ್ಟ್ರೀಯ ತಪಾಸಣಾ ನಿಯಮಗಳು ಬಂದವು. ಆರು ಲಕ್ಷಕ್ಕೂ ಹೆಚ್ಚು ಸೇತುವೆಗಳ ವಯಸ್ಸು, ವಿನ್ಯಾಸ, ಈಗಿನ ಸ್ಥಿತಿಯ ಅಂಕಗಳು ಸಾರ್ವಜನಿಕ ಪಟ್ಟಿಯಲ್ಲಿವೆ. ಭಾರತದಲ್ಲಿ 2016ರಲ್ಲಿ ಸೇತುವೆ ನಿರ್ವಹಣಾ ವ್ಯವಸ್ಥೆ ಆರಂಭವಾಗಿ, ರಾಷ್ಟ್ರೀಯ ಹೆದ್ದಾರಿಗಳ ಸೇತುವೆ, ಮೋರಿಗಳೆಲ್ಲ ಸೇರಿ ಒಂದೂವರೆ ಲಕ್ಷಕ್ಕೂ ಮಿಕ್ಕಿ ಪಟ್ಟಿಯಾದವು. ಅದೇ ವರ್ಷದ ಆಗಸ್ಟ್ ಆರಂಭದಲ್ಲಿ ಮಹಾರಾಷ್ಟ್ರದ ಮಹಾಡದ ಬಳಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಸೇತುವೆ ಪ್ರವಾಹದಲ್ಲಿ ಕೊಚ್ಚಿಹೋಗಿ ಬಸ್ಸುಗಳು ನದಿಯ ಪಾಲಾದವು. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಚಾಲಕನನ್ನು ಕಾಪಾಡಿದ್ದು ಸಮಾಧಾನದ ಮಾತು. ದಿನಾ ಆ ಸೇತುವೆ ದಾಟುತ್ತಿದ್ದ ಕಾರವಾರದ ಜನರಿಗೆ ಅದರ ತಪಾಸಣೆಯ ಅಂಕ ಮೊದಲೇ ತಿಳಿಯುವ ಹಕ್ಕಿತ್ತು ಎಂದು ಈ ಉಪನ್ಯಾಸ ನಂಬುತ್ತದೆ.

ಇದಕ್ಕೆ ಅಧಿಕಾರಿಗಳಿಂದ ಬರುವ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಬಾರದು. ದೋಷವನ್ನು ನಾವೇ ಬರೆದಿಟ್ಟರೆ ನಾಳೆ ಅದೇ ಕಾಗದ ನ್ಯಾಯಾಲಯದಲ್ಲಿ ನಮ್ಮ ಕೊರಳಿಗೆ ಬರುತ್ತದೆ ಎಂಬ ಹೆದರಿಕೆ ಸುಳ್ಳಲ್ಲ. ಅಮೆರಿಕದ ಶಾಸನ ಇದಕ್ಕೊಂದು ಉತ್ತರ ಕೊಟ್ಟಿತು: ಅಪಾಯದ ಸ್ಥಳಗಳನ್ನು ಗುರುತಿಸಲೆಂದು ಸಂಗ್ರಹಿಸಿದ ಮಾಹಿತಿಯನ್ನು ಪರಿಹಾರದ ದಾವೆಗಳಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ. 2003ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಇದರಿಂದ ಎಂಜಿನಿಯರು ಮನಬಿಚ್ಚಿ ಬರೆಯುತ್ತಾರೆ, ನಿಜ. ಆದರೆ ಅಪಘಾತದಲ್ಲಿ ಮಗನನ್ನು ಕಳೆದುಕೊಂಡವರ ಕೈಯಿಂದ ಒಂದು ಆಧಾರವೂ ಜಾರುತ್ತದೆ. ಭಾರತಕ್ಕೆ ಇದನ್ನು ಹಾಗೆಯೇ ತರುವುದು ಸರಿಯಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯ ನಾಲ್ಕನೇ ಕಲಮು, ಯಾರೂ ಕೇಳುವ ಮೊದಲೇ ಮಾಹಿತಿ ಪ್ರಕಟಿಸಬೇಕೆಂದು ಸರ್ಕಾರಿ ಕಚೇರಿಗಳಿಗೆ ವಿಧಿಸಿದೆ. ದೋಷವನ್ನು ಕಂಡು ಬರೆದ ಎಂಜಿನಿಯರಿಗೆ ರಕ್ಷಣೆ, ಕಂಡೂ ಬರೆಯದವರಿಗೆ ಹೊಣೆ ಎಂಬ ನೆಲೆಯಲ್ಲಿ ಇಲ್ಲಿಯ ನಿಯಮ ರೂಪುಗೊಳ್ಳಬಹುದು.

ಬಾಗಿಲು ತೆರೆದರೆ ಏನಾಗುತ್ತದೆಂಬುದಕ್ಕೆ ದೇಶದಲ್ಲೇ ಒಳ್ಳೆಯ ನಿದರ್ಶನವಿದೆ. 2022ರಲ್ಲಿ ಗ್ರಾಮೀಣಾಭಿವೃದ್ಧಿ ಸಚಿವಾಲಯ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ನಕ್ಷೆಗಳ ದತ್ತಾಂಶವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. 25 ಲಕ್ಷ ಕಿಲೋಮೀಟರಿಗೂ ಹೆಚ್ಚು ಗ್ರಾಮೀಣ ರಸ್ತೆ, ಹತ್ತು ಲಕ್ಷಕ್ಕೂ ಮೀರಿದ ಜನವಸತಿಗಳು, ಎಂಟು ಲಕ್ಷ ಶಾಲೆ, ಆಸ್ಪತ್ರೆ, ಸಂತೆಯಂಥ ಸೌಲಭ್ಯಗಳು ಅದರಲ್ಲಿವೆ. ಯಾವ ಹಳ್ಳಿಯಿಂದ ಹೆರಿಗೆ ಆಸ್ಪತ್ರೆಗೆ ದಾರಿ ಎಷ್ಟು ದೂರ ಎಂದು ಲೆಕ್ಕ ಹಾಕಲು ಸಂಶೋಧಕರು ಇನ್ನು ಕಚೇರಿಯಿಂದ ಕಚೇರಿಗೆ ಅಲೆಯಬೇಕಿಲ್ಲ.

ಕೊನೆಯದಾಗಿ, ತಲುಪಬೇಕಾದವರು ಯಾರು ಎಂಬ ಪ್ರಶ್ನೆ. ಪ್ರಬಂಧ ಓದುವವರು ಪ್ರಾಧ್ಯಾಪಕರು. ರಸ್ತೆ ಮಾಡುವವರು ಕಿರಿಯ ಎಂಜಿನಿಯರು, ಗುತ್ತಿಗೆದಾರ, ಮೇಸ್ತ್ರಿ, ರೋಲರ್ ಚಾಲಕ. ಅಮೆರಿಕ 1982ರಲ್ಲೇ ಇದನ್ನು ಮನಗಂಡು ಗ್ರಾಮೀಣ ರಸ್ತೆಗಳವರಿಗಾಗಿ ತಾಂತ್ರಿಕ ನೆರವಿನ ಯೋಜನೆ ಶುರು ಮಾಡಿತು. ಇಂದು ಪ್ರತಿ ರಾಜ್ಯದಲ್ಲೂ ಅದರ ಕೇಂದ್ರವಿದೆ. ದಪ್ಪ ವರದಿಯ ಸಾರವನ್ನು ಒಂದೆರಡು ಪುಟಕ್ಕೆ ಇಳಿಸಿ, ಕೆಲಸದ ಜಾಗದಲ್ಲೇ ತೋರಿಸಿಕೊಡುವುದು ಅವುಗಳ ಕೆಲಸ. ಕರ್ನಾಟಕದಲ್ಲಿ ಇಂಥದು ಕನ್ನಡದಲ್ಲೇ ಆಗಬೇಕು. ಗುಂಡಿ ಮುಚ್ಚುವ ಮುನ್ನ ಅದರ ಅಂಚನ್ನು ಚೌಕಾಕಾರವಾಗಿ ಕಡಿದು, ನೀರು ಒರೆಸಿ, ಡಾಂಬರು ಬಳಿದರೆ ತೇಪೆ ಏಕೆ ನಿಲ್ಲುತ್ತದೆ ಎಂದು ತಿಳಿಸುವ ನಾಲ್ಕು ಪುಟದ ಚಿತ್ರಪುಸ್ತಿಕೆ, ಇಂಗ್ಲಿಷಿನ ನೂರು ಪುಟದ ಪ್ರಬಂಧಕ್ಕಿಂತ ಹೆಚ್ಚು ರಸ್ತೆಗಳನ್ನು ಮುಟ್ಟುತ್ತದೆ.

ಇದಕ್ಕೆ ಬೇಕಾದ ಜಾಗವೂ ರಸ್ತೆಬದಿಯಲ್ಲೇ ಸಿದ್ಧವಿದೆ. ಗ್ರಾಮ ಸಡಕ್ ಯೋಜನೆಯ ನಿಯಮದಂತೆ ಪ್ರತಿ ಕಾಮಗಾರಿಯ ಬಳಿ ಸ್ಥಳೀಯ ಭಾಷೆಯಲ್ಲಿ ನಾಗರಿಕ ಮಾಹಿತಿ ಫಲಕ ನಿಲ್ಲಿಸಿ, ಯಾವ ಪದರಕ್ಕೆ ಎಷ್ಟು ಸಾಮಗ್ರಿ ಬಳಸಿದ್ದಾರೆಂದು ಬರೆಯಬೇಕು. ಗುತ್ತಿಗೆದಾರ ಐದು ವರ್ಷ ರಸ್ತೆಯನ್ನು ನೋಡಿಕೊಳ್ಳುವ ಕರಾರೂ ಇದೆ. ಅದೇ ಫಲಕದಲ್ಲಿ ಇನ್ನೂ ನಾಲ್ಕು ಸಾಲಿಗೆ ಎಡೆ ಮಾಡಿ, ನೆಲದ ಬಲವನ್ನು ತೋರಿಸುವ ಸಿಬಿಆರ್ ಅಂಕ ಎಷ್ಟು, ದಿನಕ್ಕೆ ಎಷ್ಟು ಭಾರಿ ವಾಹನ, ಮೂರನೇ ವರ್ಷದ ತಪಾಸಣೆಯಲ್ಲಿ ಕಂಡದ್ದೇನು, ಐದನೇ ವರ್ಷದಲ್ಲಿ ಏನು ದುರಸ್ತಿ ಆಯಿತು ಎಂದು ಬರೆದು, ಅವೇ ಅಂಕಿಗಳನ್ನು ತಾಲ್ಲೂಕು ಕಚೇರಿಯಿಂದ ಒಂದು ರಾಜ್ಯ ಭಂಡಾರಕ್ಕೆ ಸೇರಿಸಿದರೆ, ಹತ್ತೇ ವರ್ಷದಲ್ಲಿ ಎರೆ ನೆಲದ, ಜಂಬಿಟ್ಟಿಗೆ ನೆಲದ ಸಾವಿರಾರು ರಸ್ತೆಗಳ ಅಳತೆ ಕರ್ನಾಟಕದ ಬಳಿ ಇರುತ್ತದೆ. ಅದಕ್ಕೆ ಹೊಸ ಪ್ರಯೋಗಾಲಯ ಬೇಕಿಲ್ಲ. ಬೇಕಾದದ್ದು ವಿಭಾಗಕ್ಕೊಬ್ಬ ದತ್ತಾಂಶದ ಹೊಣೆ ಹೊತ್ತ ಎಂಜಿನಿಯರು, ಪ್ರತಿ ಕಾಮಗಾರಿಯ ಅಂದಾಜಿನಲ್ಲಿ ಈ ಕೆಲಸಕ್ಕೆ ಮೀಸಲಾದ ಒಂದು ಸಾಲು ಹಣ, ಮತ್ತು ಆ ಭಂಡಾರ ಎಲ್ಲರಿಗೂ ತೆರೆದಿರುತ್ತದೆಂಬ ಲಿಖಿತ ಸರ್ಕಾರಿ ಆದೇಶ.